ಮುಂಗಡ ಹೋದರೂ ದಿಬ್ಬ ಬೇಡ

ಭದ್ರಾ ಹಿನ್ನೀರಿನ ದಂಡೆಯಲ್ಲಿ ಹತ್ತು ಗುಂಟೆ ಜಾಗಕ್ಕೆಂದು ಕೊಟ್ಟಿದ್ದ ಮೂರು ಲಕ್ಷ ರೂಪಾಯಿ ಮುಂಗಡವನ್ನು ನಾನೂ ನಮ್ಮ ಯಜಮಾನರೂ ಕೂತು ಮಾತಾಡಿ ಬಿಟ್ಟುಬಿಟ್ಟೆವು. ಮಾರುವವರು ಹಿಂದಕ್ಕೆ ಕೊಡಲಿಲ್ಲ, ನಾವು ಕೋರ್ಟಿಗೆ ಹೋಗಲಿಲ್ಲ. "ಮೂರು ಲಕ್ಷ ನೀರಿಗೆ ಹಾಕಿದ್ರಿ" ಎಂದು ನೆಂಟರ ಮನೆ ಊಟದಲ್ಲಿ ಇವತ್ತಿಗೂ ಮಾತು ಬರುತ್ತದೆ. ನಮ್ಮ ಸಂಸಾರದಲ್ಲಿ ಹಣದ ವಿಷಯಕ್ಕೆ ತೆಗೆದುಕೊಂಡ ಸರಿಯಾದ ತೀರ್ಮಾನಗಳಲ್ಲಿ ಅದು ದೊಡ್ಡದು ಎಂದೇ ನನ್ನ ನಂಬಿಕೆ. ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಕಡೆ ಜಾಗ ನೋಡುತ್ತಿದ್ದೇವೆ ಎಂದು ಈಗೀಗ ಬಹಳ ಜನ ಕೇಳುತ್ತಿರುವುದರಿಂದ ಲೆಕ್ಕವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಜಾಗ ಚೆಂದವಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಮೂರು ಕಡೆ ನೀರು, ಒಂದು ಕಡೆ ಮಾತ್ರ ನೆಲಕ್ಕೆ ಅಂಟಿಕೊಂಡ ದಿಬ್ಬ. ಎದುರಿಗೆ ಅಭಯಾರಣ್ಯದ ಗುಡ್ಡಸಾಲು. ದೂರದಲ್ಲಿ ಲಕ್ಕವಳ್ಳಿ ಅಣೆಕಟ್ಟು ಕಟ್ಟಿದಾಗ ಮುಳುಗದೆ ಉಳಿದ ಗುಡ್ಡದ ನೆತ್ತಿಗಳು ನಡುಗಡ್ಡೆಗಳಾಗಿ ನಿಂತಿವೆ. "ಅಕ್ಕಾ, ಅಂಡಮಾನು, ಲಕ್ಷದ್ವೀಪ ಎಂತಕ್ಕೆ? ಇಲ್ಲೇ ದ್ವೀಪ ಇದ್ಯಲ್ಲ" ಎಂದರು ಜಾಗ ತೋರಿಸಿದವರು. ಅದು ಅಕ್ಟೋಬರ್ ತಿಂಗಳು, ಜಲಾಶಯ ತುಂಬಿತ್ತು. ನಮ್ಮ ಕಡೆಯ ಮಕ್ಕಳಿಗೂ ಗೊತ್ತಿರುವ ಸಂಖ್ಯೆ 186. ಭದ್ರೆಯ ಪೂರ್ಣಮಟ್ಟ 186 ಅಡಿ, ಆಗ ಅದರಲ್ಲಿ ಸುಮಾರು 71.5 ಟಿಎಂಸಿ ನೀರು. ಅದೇ ದಿಬ್ಬಕ್ಕೆ ಮೇ ತಿಂಗಳಲ್ಲಿ ಹೋಗಿ ನೋಡಿ. ನೀರು ಅರ್ಧ ಮೈಲಿ ಆಚೆ ಸರಿದಿರುತ್ತದೆ, ನಡುವೆ ಬಿರುಕುಬಿಟ್ಟ ಕೆಸರು, ಮುಳುಗಡೆಯ ಕಾಲದ ಮರದ ಬೊಡ್ಡೆಗಳು. ಜುಲೈನಲ್ಲಿ ಹೋಗಿ ನೋಡಿ, ದಿಬ್ಬಕ್ಕೆ ಹತ್ತುವ ಮಣ್ಣುದಾರಿಯಲ್ಲಿ ಜೀಪೂ ಹೂಳುತ್ತದೆ. ಹಿನ್ನೀರಿನ ಜಾಗವನ್ನು ಮೂರು ಕಾಲದಲ್ಲೂ ನೋಡದೆ ಬೆಲೆ ಮಾತಾಡಕೂಡದು ಎನ್ನುವುದು ನನ್ನ ಮೊದಲ ಷರತ್ತು.

ನಮ್ಮಲ್ಲಿ ಮುಂಗಡ ಕೊಡುವವರೆಗೆ ಪೂರ್ತಿ ದಾಖಲೆಯ ಜೆರಾಕ್ಸ್ ಕೈಗೆ ಕೊಡುವ ರೂಢಿಯಿಲ್ಲ. ಕರಾರು ಮಾಡಿಕೊಂಡ ಮೇಲೆ ಕಾಗದ ಬಂತು. ಈಗಿನ ಪಹಣಿ ಸ್ವಚ್ಛವಾಗಿತ್ತು, 9ನೇ ಕಾಲಂನಲ್ಲಿ ಮಾರುವವರ ಹೆಸರು, 11ರಲ್ಲಿ ಸಾಲವಿಲ್ಲ. ಆನ್‌ಲೈನ್ ಇಸಿಯೂ (ಋಣಭಾರ ಪ್ರಮಾಣಪತ್ರ) ಸ್ವಚ್ಛ. ಆನ್‌ಲೈನಿನಲ್ಲಿ ಸಿಗುವುದು 2004ರಿಂದ ಈಚಿನದು ಮಾತ್ರ. ನಮ್ಮ ವಕೀಲರು ಹಳೆಯ ಎಂಆರ್ (ಹಕ್ಕು ಬದಲಾವಣೆಯ ದಾಖಲೆ) ತೆಗೆಸಿದಾಗ ಆ ಜಮೀನಿನ ಮೂಲ ಸಿಕ್ಕಿತು. ಅದು ಸರ್ಕಾರ ಒಂದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಮಂಜೂರು ಮಾಡಿದ್ದ ಭೂಮಿ. ಆಮೇಲೆ ಕೈ ಬದಲಾಗಿದೆ, ಸರ್ಕಾರದ ಅನುಮತಿ ಪಡೆದ ಆದೇಶ ಮಾತ್ರ ಎಲ್ಲೂ ಇಲ್ಲ. 1978ರ ಪಿಟಿಸಿಎಲ್ ಕಾಯ್ದೆ ಇಂಥ ಮಾರಾಟವನ್ನೇ ಅಸಿಂಧು ಎನ್ನುತ್ತದೆ. 2023ರ ತಿದ್ದುಪಡಿಯ ಪ್ರಕಾರ ಮಂಜೂರುದಾರರ ಮಕ್ಕಳು ಮೊಮ್ಮಕ್ಕಳು ಅರ್ಜಿ ಹಾಕುವುದಕ್ಕೆ ಕಾಲಮಿತಿಯೂ ಇಲ್ಲ. ಆ ಮನೆಯವರಿಗೆ ನ್ಯಾಯವಾಗಿ ಸೇರಬೇಕಾದದ್ದು ಅವರಿಗೆ ಸೇರಲಿ, ನನಗೆ ಅದರಲ್ಲಿ ಎರಡು ಮಾತಿಲ್ಲ. ಅವರ ಭೂಮಿಯ ಮೇಲೆ ನನ್ನ ಮನೆ ಏಳುವುದು ಬೇಡ.

ಅದಾದ ಮೇಲೆ ಸರ್ವೆಯರ್ ಬಂದು ಅಳೆದರು. ತೋರಿಸಿದ್ದ ಹತ್ತು ಗುಂಟೆಯಲ್ಲಿ ಹೆಚ್ಚುಕಮ್ಮಿ ಮೂರು ಗುಂಟೆ ಮುಳುಗಡೆ ಗೆರೆಯ ಕೆಳಗೆ, ಅಂದರೆ ಯಾವತ್ತೋ ಜಲಾಶಯಕ್ಕೆ ಸ್ವಾಧೀನವಾದ ನೆಲ. ನಮಗೆ ತೋರಿಸುವಾಗ ಬೇಲಿ ಹಾಕಿದ್ದದ್ದು ನೀರಿನ ಅಂಚಿನವರೆಗೆ. ಜಾಗದಲ್ಲಿ ನಿಂತುಕೊಂಡೇ ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಯಾವ ಸರ್ವೆ ನಂಬರಿನಲ್ಲಿ ಕಾಲಿಟ್ಟಿದ್ದೀರಿ ಎಂಬ ಅಂದಾಜು ಸಿಗುತ್ತದೆ. ಅಷ್ಟನ್ನು ನಂಬಿ ಕೊಳ್ಳಬಾರದು, ಅಷ್ಟನ್ನೂ ನೋಡದೆ ಮಾತಿಗೆ ಕೂರಬಾರದು. 11ಇ ನಕ್ಷೆಯಿಲ್ಲದೆ ನೋಂದಣಿ ಆಗದು ಎಂದು ನೆಮ್ಮದಿಯಾಗಿರುವವರು ನೋಂದಣಿಗೆ ಮೊದಲೇ ಮುಕ್ಕಾಲು ದುಡ್ಡು ಕೊಟ್ಟಿರುತ್ತಾರೆ, ಅದೇ ತೊಂದರೆ.

ಇನ್ನು ಲೆಕ್ಕ. ಗುಂಟೆಗೆ ಎರಡು ಲಕ್ಷದಂತೆ ಜಾಗಕ್ಕೆ 20 ಲಕ್ಷ. ಆಗಿನ ದರದಲ್ಲಿ ಮುದ್ರಾಂಕ, ಸೆಸ್, ಸರ್ಚಾರ್ಜು, ನೋಂದಣಿ ಎಲ್ಲ ಸೇರಿ ಶೇ 6.65, ಅಂದರೆ 1.33 ಲಕ್ಷ. (2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ, ಈಗಾದರೆ 1.53 ಲಕ್ಷ.) ಸಾವಿರ ಚದರಡಿ ಮನೆಗೆ ಚದರಡಿಗೆ 2,200ರಂತೆ 22 ಲಕ್ಷ. ದಾರಿಗೆ ಜಲ್ಲಿ, ಕರೆಂಟು ಕಂಬ, ಬೋರು, ಮುಖ್ಯರಸ್ತೆಯಿಂದ ದಿಬ್ಬಕ್ಕೆ ಮರಳು ಸಿಮೆಂಟು ಕಲ್ಲು ಟ್ರ್ಯಾಕ್ಟರಿನಲ್ಲಿ ಹೊರಿಸುವ ಕೂಲಿ, ಇದಕ್ಕೆಲ್ಲ ನಮ್ಮ ಮೇಸ್ತ್ರಿ ಹೇಳಿದ್ದು ಐದು ಲಕ್ಷ. ಒಟ್ಟು 48.33 ಲಕ್ಷ.

ಇದಕ್ಕೆ ಪ್ರತಿಯಾಗಿ ಬರುವುದೇನು? ಹೋಂಸ್ಟೇ ಮಾಡಿದರೆ ತಿಂಗಳಿಗೆ ಅರವತ್ತು ಸಾವಿರ ಎಂದಿದ್ದರು ಜಾಗ ತೋರಿಸಿದವರು. ವರ್ಷದಲ್ಲಿ 52 ವಾರಾಂತ್ಯ, ರಾತ್ರಿಗೆ ಎಣಿಸಿದರೆ 104. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹದಿನೇಳು ವಾರ, ಅಂದರೆ 34 ರಾತ್ರಿ ಕಳೆಯಿರಿ. ನಮ್ಮ ಜಡಿಮಳೆಯಲ್ಲಿ ಆ ದಾರಿಗೆ ಯಾರೂ ಬರುವುದಿಲ್ಲ. ಉಳಿದದ್ದು 70. ದಸರಾ, ದೀಪಾವಳಿ, ಕ್ರಿಸ್ಮಸ್ ರಜೆಗೆ ಹದಿನೈದು ಸೇರಿಸಿ, 85. ಎರಡು ಕೋಣೆ, ಕೋಣೆಗೆ 2,500. ಎಲ್ಲವೂ ತುಂಬಿದರೆ ವರ್ಷಕ್ಕೆ 4.25 ಲಕ್ಷ, ಅರ್ಧ ತುಂಬಿದರೆ 2.12 ಲಕ್ಷ. ನೋಡಿಕೊಳ್ಳುವವರಿಗೆ ತಿಂಗಳಿಗೆ 12 ಸಾವಿರ ಎಂದರೂ ವರ್ಷಕ್ಕೆ 1.44 ಲಕ್ಷ. ಉಳಿದ 68 ಸಾವಿರದಲ್ಲಿ ಕರೆಂಟು, ಅಡುಗೆ ಅನಿಲ, ಹಾಸಿಗೆ ಬಟ್ಟೆ, ಮಳೆಗಾಲ ಮುಗಿದ ಮೇಲೆ ಪಾಚಿ ತೊಳೆಸುವುದು, ಬಣ್ಣ. ಸೊನ್ನೆಗೆ ಬಂದು ನಿಂತಿತು. ಅದೇ 48.33 ಲಕ್ಷ ಶೇ 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 3.38 ಲಕ್ಷ ಬಡ್ಡಿ. ಬಿಟ್ಟ ಮುಂಗಡ ಮೂರು ಲಕ್ಷ. ಅಂದರೆ ಹನ್ನೊಂದು ತಿಂಗಳ ಬಡ್ಡಿಯಲ್ಲಿ ಮುಂಗಡ ತುಂಬಿ ಬರುತ್ತದೆ, ಅಸಲು ನಮ್ಮ ಹೆಸರಿನಲ್ಲೇ ಇರುತ್ತದೆ. ನಾನು ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದ ರಾತ್ರಿ ಯಜಮಾನರು ಮರುಮಾತಾಡಲಿಲ್ಲ.

ಬಾಡಿಗೆಗೆ ಕೊಡದೆ ನಾವೇ ಇರುತ್ತೇವೆ ಎನ್ನುವವರೂ ಒಂದು ವಿಷಯ ನೋಡಬೇಕು. ಅದು ಕೃಷಿ ಜಮೀನು, ಪರಿವರ್ತನೆ ಆಗಿಲ್ಲ. ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಕೃಷಿಕರಿಗೆ ತೋಟದಮನೆ ಕಟ್ಟಲು ಬಿಡುವುದು ಹಿಡುವಳಿಯ ಹತ್ತರಲ್ಲಿ ಒಂದು ಪಾಲಿನಲ್ಲಿ. ಹತ್ತು ಗುಂಟೆಗೆ ಒಂದು ಗುಂಟೆ, 1,089 ಚದರಡಿ. ಮುಳುಗಡೆ ಗೆರೆ ಕಳೆದು ಏಳು ಗುಂಟೆ ಎಂದರೆ 762 ಚದರಡಿ. ಸಾವಿರ ಚದರಡಿಯ ನಕ್ಷೆ ಅಲ್ಲಿಗೆ ಬಿತ್ತು. ಗೃಹಸಾಲ ಕೇಳಲು ಹೋದರೆ ಬ್ಯಾಂಕಿನವರು ಪರಿವರ್ತನೆ ಆದೇಶ ಎಲ್ಲಿ ಎನ್ನುತ್ತಾರೆ.

ಈ ಸಂಕಟಗಳನ್ನೆಲ್ಲ ಒಂದೇ ಕವರಿಗೆ ಹಾಕಿ ಮಾರುವ ಸರಕು ಈಗ ಮಲೆನಾಡಿಗೆ ಬಂದಿದೆ. ಅದರ ಹೆಸರು ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್. ಐದು ಗುಂಟೆ, ಎಂಟು ಗುಂಟೆ ತುಂಡು ಮಾಡಿ, ಗೇಟು ನಿಲ್ಲಿಸಿ, ನಾಲ್ಕು ಅಡಿಕೆ ಸಸಿ ನೆಟ್ಟು, ವರ್ಷಕ್ಕೆ ಇಷ್ಟು ಶೇಕಡಾ ಖಾತ್ರಿ ಆದಾಯ ಎಂದು ಅಚ್ಚು ಹಾಕಿಸುತ್ತಾರೆ. ಖಾತ್ರಿ ಕೊಡುವವರು ಯಾರು? ಕಂಪನಿ ಮುಚ್ಚಿದರೆ ಯಾರನ್ನು ಕೇಳುವುದು? ತುಂಡಿಗೆ ಪ್ರತ್ಯೇಕ ಪೋಡಿ ಆಗಿದೆಯೇ, ಇಲ್ಲವೇ ಒಂದೇ ಪಹಣಿಯಲ್ಲಿ ಮೂವತ್ತು ಜನರ ಹೆಸರು ಜಂಟಿಯಾಗಿ ಕೂರುತ್ತದೆಯೇ? ಜಂಟಿಯಾದರೆ ಮಾರುವಾಗ ಎಷ್ಟು ಸಹಿ ಬೇಕು? ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ಹಳದಿ ಎಲೆ ರೋಗ ಎಷ್ಟು ಮನೆಗಳನ್ನು ಕಂಗಾಲು ಮಾಡಿದೆ, ಅದರ ಮೇಲೆ ಈಗ ಎಲೆಚುಕ್ಕೆ ರೋಗ. ಹುಟ್ಟಿದಾರಭ್ಯ ತೋಟದಲ್ಲೇ ಬೆಳೆದವರಿಗೆ ಫಸಲಿನ ಖಾತ್ರಿಯಿಲ್ಲ, ಬಣ್ಣದ ಹಾಳೆ ಹಂಚುವವರಿಗೆ ಎಲ್ಲಿಂದ ಬಂತು? ನನ್ನನ್ನು ಕೇಳಿದರೆ ಆ ಹಾಳೆಯನ್ನು ಮನೆಯೊಳಗೆ ತರಲೇಬೇಡಿ.

ಹೊರಗಿನವರನ್ನು ಮಾತ್ರ ಎಚ್ಚರಿಸಿದರೆ ಸಾಲದು. ರಾಶಿ ಇಡಿ ಅಡಿಕೆ ಕ್ವಿಂಟಾಲಿಗೆ ಐವತ್ತು ಸಾವಿರ ದಾಟಿದ ವರ್ಷಗಳಲ್ಲಿ ನಮ್ಮವರೂ ಮಂಡಿಯಿಂದ ನೇರ ಸೈಟಿನ ಮುಂಗಡಕ್ಕೆ ಹೋಗುತ್ತಾರೆ. ಕೈಯಲ್ಲಿ ದುಡ್ಡಿದ್ದಾಗ ಅದಕ್ಕೆ ಒಂದು ಕೆಲಸ ಕೊಡದಿದ್ದರೆ ನಿದ್ದೆ ಬಾರದು ಎಂಬ ಅಭ್ಯಾಸ. ಆ ವರ್ಷದ ಬೆಲೆಯನ್ನು ನಂಬಿ ಮುಂದಿನ ಮೂರು ವರ್ಷದ ಕಂತು ಒಪ್ಪಿಕೊಂಡಿರುತ್ತಾರೆ. ಕೊಳೆ ರೋಗ ಬಂದರೆ, ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡದಿದ್ದರೆ, ಕಂತಿಗೆ ಹೆಂಡತಿಯ ಸರ ಹೋಗುತ್ತದೆ. ಅಡಿಕೆ ದುಡ್ಡು ಎರಡು ಫಸಲಿನ ಮಟ್ಟಿಗಾದರೂ ಬ್ಯಾಂಕಿನಲ್ಲಿ ಸುಮ್ಮನೆ ಕೂರಲಿ. ಮನೆಯಲ್ಲಿ ಓದುವ ಮಕ್ಕಳ ಫೀಸು, ಹಿರಿಯರ ಆಸ್ಪತ್ರೆ ಖರ್ಚು ತೆಗೆದಿಟ್ಟ ಮೇಲೆ ಉಳಿದದ್ದಷ್ಟೇ ಜಾಗಕ್ಕೆ. ಮನೆಯ ಹೆಂಗಸರಿಗೆ ಹೇಳದೆ ಮುಂಗಡ ಕೊಡುವ ಪದ್ಧತಿಯಂತೂ ನಿಲ್ಲಲೇಬೇಕು, ಒತ್ತೆಗೆ ಹೋಗುವ ಚಿನ್ನ ಅವರದು.

ನಾವು ಕೊನೆಗೆ ಕೊಂಡದ್ದು ನರಸಿಂಹರಾಜಪುರ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಒಂದು ಹಳೆಯ ಹೆಂಚಿನ ಮನೆ. ಇ-ಖಾತೆ ಇತ್ತು, 32 ಲಕ್ಷ. ಅದರಲ್ಲಿ 20 ಲಕ್ಷ ಗೃಹಸಾಲ, ಶೇ 8.5, ಹದಿನೈದು ವರ್ಷ, ಕಂತು 19,695. ಸಾಲ ಬೇಕೇಬೇಕೆಂದು ತೆಗೆದದ್ದಲ್ಲ. ಬ್ಯಾಂಕು ಸಾಲ ಕೊಡಬೇಕಾದರೆ ಅವರ ಪ್ಯಾನೆಲ್ ವಕೀಲರು ಕಾಗದಗಳನ್ನು ಇನ್ನೊಂದು ಸಲ ಜಾಲಾಡುತ್ತಾರೆ, ನಮ್ಮ ವಕೀಲರ ಕಣ್ಣಿಗೆ ತಪ್ಪಿದ್ದು ಅವರ ಕಣ್ಣಿಗೆ ಬೀಳಬಹುದು. ಬ್ಯಾಂಕು ದುಡ್ಡು ಹಾಕಲು ಒಪ್ಪದ ಜಾಗಕ್ಕೆ ನಾನೂ ಹಾಕುವುದಿಲ್ಲ.

ಹಳೆಯ ಮನೆಯಿಂದ ಹಿನ್ನೀರು ಕಾಣುವುದಿಲ್ಲ, ನಡೆದುಹೋದರೆ ಸಿಗುತ್ತದೆ. ದುರಸ್ತಿಗೆ ಇಟ್ಟಿದ್ದ ಹಣವನ್ನು ಮೊದಲು ಮಳೆಗೆ ಖರ್ಚು ಮಾಡಿದೆವು, ಚೆಂದಕ್ಕೆ ಆಮೇಲೆ. ಈ ಕಡೆ ಮನೆ ಕಟ್ಟುವವರಿಗೂ ಅದೇ ಕ್ರಮ ಹೇಳುತ್ತೇನೆ. ಸಪಾಟು ಆರ್‌ಸಿಸಿ ತಾರಸಿ ಹಾಕಿಸಿದವರೆಲ್ಲ ಕೆಲವೇ ವರ್ಷಕ್ಕೆ ಅದರ ಮೇಲೆ ಶೀಟಿನ ಮಾಡು ಹಾಕಿಸಿ ಎರಡು ಸಲ ದುಡ್ಡು ಕೊಡುತ್ತಿದ್ದಾರೆ, ಮೊದಲೇ ಇಳಿಜಾರು ಮಾಡು ಎತ್ತಿಸಿ. ಪಡುವಣ ದಿಕ್ಕಿಗೆ ಸೂರು ಮೂರಡಿಯಾದರೂ ಮುಂದೆ ಬರಲಿ, ಇಲ್ಲದಿದ್ದರೆ ಎರಚಲಿಗೆ ಗೋಡೆ ಒಣಗುವುದೇ ಇಲ್ಲ. ಗುಡ್ಡ ಕಡಿದು ಸಮತಟ್ಟು ಮಾಡುವ ಜೆಸಿಬಿಯವರು ದರೆಯನ್ನು ನೇರ ಗೋಡೆಯಂತೆ ನಿಲ್ಲಿಸಿ ಹೋಗುತ್ತಾರೆ. ಹತ್ತಡಿ ದರೆಗೆ ಗೋಡೆ ಕಟ್ಟಿಸುವ ಖರ್ಚನ್ನು ಜಾಗದ ಬೆಲೆಗೇ ಸೇರಿಸಿ ನೋಡಿ, ಅಗ್ಗದ ಸೈಟು ಅಗ್ಗವಾಗಿ ಉಳಿಯುವುದಿಲ್ಲ. ದರೆಯ ಮೇಲ್ಗಡೆ ನೀರು ತಿರುಗಿಸುವ ಚರಂಡಿ ಮಳೆಗೆ ಮೊದಲೇ ಆಗಬೇಕು. ನೆಲಕ್ಕೆ ಗೆದ್ದಲಿನ ಮದ್ದು ಅಡಿಪಾಯದ ಹಂತದಲ್ಲೇ ಹೊಡೆಸಬೇಕು, ಟೈಲ್ಸ್ ಹಾಕಿದ ಮೇಲೆ ಅಲ್ಲ.

ಕಾಡಂಚಿನ ಜಾಗವಾದರೆ ಇನ್ನೆರಡು ವಿಚಾರಣೆ. ಭದ್ರಾ ಅಭಯಾರಣ್ಯ 1998ರಿಂದ ಹುಲಿ ಮೀಸಲು, ಹಾಗಾಗಿ ಪರಿಸರ ಸೂಕ್ಷ್ಮ ವಲಯದ ಗೆರೆ ನಿಮ್ಮ ಸರ್ವೆ ನಂಬರನ್ನು ಮುಟ್ಟುತ್ತದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಬರಹದಲ್ಲಿ ಕೇಳಿ. ಡೀಮ್ಡ್ ಫಾರೆಸ್ಟ್ ಪಟ್ಟಿಯನ್ನೂ ನೋಡಿ. ಆನೆ ಬರುತ್ತದೆಯೇ ಎಂಬುದನ್ನು ಮಾರುವವರನ್ನು ಕೇಳಬೇಡಿ, ಪಕ್ಕದ ತೋಟದ ಆಳುಗಳನ್ನು ಕೇಳಿ.

2004ಕ್ಕಿಂತ ಹಿಂದಿನ ಇಸಿಗೆ ಉಪನೋಂದಣಾಧಿಕಾರಿ ಕಚೇರಿಗೇ ಹೋಗಿ ಅರ್ಜಿ ಕೊಡಬೇಕು. ಅದರ ಜೊತೆಗೆ ತಾಲ್ಲೂಕು ಕಚೇರಿಯಲ್ಲಿ ಮೂಲ ಮಂಜೂರಾತಿ ಆದೇಶದ ನಕಲು, ಹಳೆಯ ಎಂಆರ್‌ಗಳು, ಆಕಾರಬಂದ್, ಟಿಪ್ಪಣಿ ಕೇಳಿ. ಮುಂಗಡದ ಕರಾರಿನಲ್ಲಿ "ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ಪೂರ್ತಿ ಹಿಂದಕ್ಕೆ" ಎಂಬ ಸಾಲನ್ನು ಬರೆಸಿ, ಬರೆಯಲು ಒಪ್ಪದವರ ಜಾಗ ನೋಡಲು ಹೋಗುವ ಪೆಟ್ರೋಲು ಉಳಿಸಿ. ನಮಗೆ ಬಂದ ಅಚ್ಚಿನ ಕರಾರಿನಲ್ಲಿ ಆ ಸಾಲು ಇರಲಿಲ್ಲ. ಆಮೇಲೆ ಹೆಂಚಿನ ಮನೆ ಕೊಳ್ಳುವಾಗ ಬರೆಸಿದೆವು, ಮಾರಿದವರು ಓದಿ ನೋಡಿ ಕೂಡಲೇ ಸಹಿ ಹಾಕಿದರು.