ಮನೆ ಕೊಳ್ಳುವ ಮುಂಚೆ ವಕೀಲರನ್ನು ಕಾಣಿ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಹಿರಿಯರು ಹೇಳಿದ್ದಾರೆ. ಈಗ ಮನೆ ಕಟ್ಟುವವರಂತೆ ಕಟ್ಟಿದ ಮನೆ ಕೊಳ್ಳುವವರೂ ಬಹಳ ಮಂದಿ. ಮನೆ ಕೊಳ್ಳುವಾಗ ನಾವು ಗೋಡೆ ನೋಡುತ್ತೇವೆ. ಸೂರು ನೋಡುತ್ತೇವೆ. ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಅಂತ ನೋಡುತ್ತೇವೆ. ಕಾಗದ ಮಾತ್ರ ನೋಡುವುದಿಲ್ಲ. ಗೋಡೆ ಬಿರುಕು ಬಿಟ್ಟರೆ ಗಾರೆ ಹಾಕಬಹುದು. ಕಾಗದದಲ್ಲಿ ಬಿರುಕು ಇದ್ದರೆ ಮನೆಯೇ ಕೈಬಿಟ್ಟು ಹೋಗುತ್ತದೆ.

ಕಾಗದ ನೋಡಲು ವಕೀಲರು ಬೇಕು. ಯಾವ ವಕೀಲರು? ಯಾವಾಗ ಬೇಕು? ಈ ಪಾಠದಲ್ಲಿ ತಿಳಿಯೋಣ.

ಹೂವಿನಕ್ಕನ ವ್ಯಾಪಾರ

ಒಂದು ತಾಲ್ಲೂಕು ಊರು ಅಂತ ಇಟ್ಟುಕೊಳ್ಳಿ. ಅಲ್ಲಿ ಬಸ್ ನಿಲ್ದಾಣದ ಮುಂದೆ ಹೂವು ಮಾರುವ ಒಬ್ಬ ತಾಯಿ. ಎಲ್ಲರೂ ಅವರನ್ನು ಹೂವಿನಕ್ಕ ಅನ್ನುತ್ತಾರೆ. ಹದಿನೆಂಟು ವರ್ಷ ಚೀಟಿ ಕಟ್ಟಿ, ಸಂಘದಲ್ಲಿ ಉಳಿಸಿ ಹಣ ಕೂಡಿಸಿದ್ದಾರೆ. ಬಾಡಿಗೆ ಮನೆ ಸಾಕಾಗಿದೆ. ಒಂದು ಹೆಂಚಿನ ಮನೆ ಮಾರಾಟಕ್ಕಿದೆ. ಬೆಲೆ 9 ಲಕ್ಷ ರೂಪಾಯಿ.

ದಲ್ಲಾಳಿ ಬಂದು ಅವಸರ ಮಾಡಿದ.

"ಅಕ್ಕಾ, ನಾಳೆಯೇ ಒಂದು ಲಕ್ಷ ಅಡ್ವಾನ್ಸ್ ಕೊಟ್ಬಿಡಿ. ಇಲ್ದಿದ್ರೆ ಬೇರೆ ಪಾರ್ಟಿ ಕಾಯ್ತಾ ಇದಾರೆ."

"ಕಾಗದ ಎಲ್ಲಾ ಸರಿಯಾಗಿದೆಯೇನಪ್ಪಾ?"

"ವಕೀಲರು ನಮ್ಮೋರೇ ಇದಾರೆ. ಎಲ್ಲಾ ನೋಡಿದಾರೆ. ನಿಮಗ್ಯಾಕೆ ಸುಮ್ನೆ ಖರ್ಚು?"

ಹೂವಿನಕ್ಕ ಯೋಚಿಸಿದರು. "ಹಣ ನಂದು. ವಕೀಲರು ಅವರೋರು. ಇದು ಹ್ಯಾಗೆ ಸರಿ?" ಅಂದರು. ಒಂದು ವಾರ ಸಮಯ ಕೇಳಿದರು.

ಯಾರ ವಕೀಲರು?

ಹೂವಿನಕ್ಕನ ಮಾತು ಸರಿ. ಮಾರುವವರ ವಕೀಲರು ಮಾರುವವರ ಹಿತ ನೋಡುತ್ತಾರೆ. ಅದು ತಪ್ಪಲ್ಲ, ಅವರ ಕೆಲಸವೇ ಅದು. ಆದ್ದರಿಂದ ಕೊಳ್ಳುವವರಿಗೆ ಬೇರೆ ವಕೀಲರು ಇರಬೇಕು.

ವಕೀಲರನ್ನು ಆರಿಸುವಾಗ ಇಷ್ಟು ಗಮನಿಸಿ.

ಅವರು ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಅವರಿಗೆ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಕೇಳಲು ಸಂಕೋಚ ಬೇಡ.

ಮನೆ, ಜಮೀನಿನ ಕಾಗದ ನೋಡಿ ಅಭ್ಯಾಸ ಇರುವವರಾಗಲಿ.

ತಾವೇ ಮೇಲೆ ಬಿದ್ದು ಕೆಲಸ ಕೇಳುವುದು ವಕೀಲರ ನಿಯಮಕ್ಕೆ ವಿರುದ್ಧ. ಕಚೇರಿ ಬಾಗಿಲಲ್ಲಿ ಕೈಹಿಡಿದು ಎಳೆಯುವವರನ್ನು ನಂಬಬೇಡಿ.

ಪತ್ರ ಬರೆಯುವವರು ಬೇರೆ, ವಕೀಲರು ಬೇರೆ. ಪತ್ರ ಬರಹಗಾರರು ನೀವು ಹೇಳಿದ್ದನ್ನು ಬರೆಯುತ್ತಾರೆ. ಮಾರುವವರಿಗೆ ಹಕ್ಕು ಇದೆಯೇ ಅಂತ ಹುಡುಕುವುದು ವಕೀಲರ ಕೆಲಸ.

ಫೀಜು ಎಷ್ಟು ಅಂತ ಮೊದಲೇ ಕೇಳಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಸರ್ಕಾರಕ್ಕೆ ಕಟ್ಟುವ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಇದರಲ್ಲಿ ಸೇರುವುದಿಲ್ಲ. ಅವುಗಳ ಲೆಕ್ಕ ಬೇರೆ ಬರೆಸಿಕೊಳ್ಳಿ. ಹೋದ ಸಲ ಮನೆ ಕೊಂಡ ನೆಂಟರ ಲೆಕ್ಕ ಈಗ ನಡೆಯದೇ ಇರಬಹುದು. ಕರ್ನಾಟಕದಲ್ಲಿ ನೋಂದಣಿ ಶುಲ್ಕ ನೂರಕ್ಕೆ 1 ರೂಪಾಯಿ ಇದ್ದದ್ದು 2025ರ ಆಗಸ್ಟ್ ಕೊನೆಯಲ್ಲಿ ನೂರಕ್ಕೆ 2 ರೂಪಾಯಿ ಆಯಿತು.

ಫೀಜು ಕೊಡಲು ಆಗದಿದ್ದರೆ?

ಅದಕ್ಕೂ ದಾರಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಇದೆ. ಅದರ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಕಡಿಮೆ ವರಮಾನದವರಿಗೆ ಕಾನೂನಿನ ನೆರವು ಉಚಿತ. ತಾಲ್ಲೂಕು ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. 15100 ಈ ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು.

ಹೂವಿನಕ್ಕ ಅಲ್ಲಿಗೇ ಹೋದರು. ಒಬ್ಬ ವಕೀಲಮ್ಮ ಸಿಕ್ಕರು.

ವಕೀಲರು ಏನು ನೋಡುತ್ತಾರೆ?

"ಏನೇನು ಕಾಗದ ತಂದಿದೀರಮ್ಮಾ?" ಅಂತ ವಕೀಲಮ್ಮ ಕೇಳಿದರು.

"ಖಾತೆ ಜೆರಾಕ್ಸ್ ಕೊಟ್ಟಿದಾರೆ, ಮೇಡಂ."

"ಖಾತೆ ಒಂದೇ ಸಾಲದು. ಖಾತೆ ಕಂದಾಯ ಕಟ್ಟೋದಕ್ಕೆ. ಯಜಮಾನಿಕೆ ಗೊತ್ತಾಗೋದು ಹಕ್ಕುಪತ್ರದಿಂದ."

ಆಮೇಲೆ ಅವರು ಒಂದು ಪಟ್ಟಿ ಬರೆದುಕೊಟ್ಟರು. ನೀವೂ ಓದಿ.

1. ಮೂಲಪತ್ರ: ಈ ಮನೆ ಮಾರುವವರಿಗೆ ಹೇಗೆ ಬಂತು? ಕೊಂಡದ್ದೇ, ಭಾಗದಲ್ಲಿ ಬಂದದ್ದೇ, ದಾನವೇ? ಅದಕ್ಕೂ ಹಿಂದೆ ಯಾರದ್ದು? ಸರಪಳಿಯ ಹಾಗೆ ಒಂದಕ್ಕೊಂದು ಕೊಂಡಿ ಕೂಡಬೇಕು. ಅಸಲು ಪತ್ರವನ್ನೇ ನೋಡಬೇಕು. ಜೆರಾಕ್ಸ್ ಮಾತ್ರ ತೋರಿಸಿದರೆ ಎಚ್ಚರ. ಅಸಲು ಪತ್ರ ಸಾಲಕ್ಕೆ ಅಡವು ಇರಬಹುದು.

2. ಋಣಭಾರ ಪತ್ರ: ಇದನ್ನು ಇ.ಸಿ. ಅಂತಾರೆ. ಮನೆಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನ, ಭಾಗ ಎಲ್ಲ ಇದರಲ್ಲಿ ಬರುತ್ತದೆ. ನೋಂದಣಿ ಆಗದ ವ್ಯವಹಾರ ಇದರಲ್ಲಿ ಬರುವುದಿಲ್ಲ. ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ.

3. ಇ-ಖಾತೆ ಮತ್ತು ಕಂದಾಯ ರಸೀದಿ: ಗ್ರಾಮ ಪಂಚಾಯಿತಿಯ ಜಾಗಕ್ಕೆ ಇ-ಸ್ವತ್ತು, ಪಟ್ಟಣದ ಜಾಗಕ್ಕೆ ಇ-ಖಾತೆ.

4. ಜಾಗದ ಮೂಲ: ಹೊಲವನ್ನು ಸೈಟು ಮಾಡಿದ್ದರೆ ಭೂಪರಿವರ್ತನೆ ಆದೇಶ ಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವ ಹಾಗಿಲ್ಲ. ಇದು 1978ರ ಕಾಯ್ದೆ.

5. ವಂಶವೃಕ್ಷ: ಮಾರುವವರ ಮನೆಯಲ್ಲಿ ಹಕ್ಕುದಾರರು ಯಾರ್ಯಾರು ಅಂತ ಇದರಿಂದ ತಿಳಿಯುತ್ತದೆ.

ಹೂವಿನಕ್ಕ ಪಟ್ಟಿ ಹಿಡಿದು ಹೋದರು. ಐದನೆಯ ಕಾಗದದಲ್ಲಿ ವಿಷಯ ಹೊರಬಿತ್ತು. ಮನೆ ಮಾರುವವರ ತಂದೆಯ ಹೆಸರಿನಲ್ಲಿತ್ತು. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು. ಮಾರುವವರಿಗೆ ಇಬ್ಬರು ತಂಗಿಯರಿದ್ದರು. ಅವರ ಸಹಿ ಎಲ್ಲೂ ಇರಲಿಲ್ಲ.

"ಮದುವೆಯಾಗಿ ಹೋದ ಹೆಣ್ಮಕ್ಕಳು. ಅವರದ್ದೇನು?" ಅಂದ ದಲ್ಲಾಳಿ.

ವಕೀಲಮ್ಮ ಹೀಗೆ ವಿವರಿಸಿದರು: "1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಉಯಿಲು ಇಲ್ಲದೆ ತಂದೆ ತೀರಿಕೊಂಡರೆ ಅವರ ಸ್ವಂತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲೂ ಸಮಪಾಲು. ಮದುವೆ ಆದರೂ ಹಕ್ಕು ಹೋಗಲ್ಲ. ನಾಳೆ ಅವರು ಕೋರ್ಟಿಗೆ ಹೋದರೆ ನೀವೂ ಅಲೀಬೇಕು."

ತಂಗಿಯರನ್ನು ಕೇಳಿಸಿದರು. ಒಬ್ಬರು ಒಪ್ಪಿದರು. ಇನ್ನೊಬ್ಬರು "ನಮ್ಮಪ್ಪನ ಮನೆ, ನಾನು ಮಾರಲ್ಲ" ಅಂದರು. ಅದು ಅವರ ಹಕ್ಕು. ಹೂವಿನಕ್ಕನಿಗೆ ಆ ಮನೆ ತಪ್ಪಿತು. ಎರಡು ದಿನ ಬೇಜಾರಾಯಿತು. ಆದರೆ ಹದಿನೆಂಟು ವರ್ಷದ ಹಣ ಉಳಿಯಿತು. ಒಂದು ಲಕ್ಷ ಮೊದಲೇ ಕೊಟ್ಟಿದ್ದರೆ? ಯೋಚಿಸಿ.

ವಕೀಲರ ಜೊತೆ ನಾವು ಹೇಗಿರಬೇಕು?

ವಕೀಲರಿಗೆ ಎಲ್ಲವನ್ನೂ ಹೇಳಬೇಕು. ಮನೆಯಲ್ಲಿ ಬಾಡಿಗೆದಾರರಿದ್ದರೆ ಹೇಳಿ. ಪಕ್ಕದವರ ಜೊತೆ ಗಡಿ ತಕರಾರು ಇದೆ ಅಂತ ಕೇಳಿದ್ದರೆ ಅದನ್ನೂ ಹೇಳಿ. ಊರಿನ ಮಾತು ಕಾಗದದಲ್ಲಿ ಇರುವುದಿಲ್ಲ.

ಕಾಗದ ಕೊಡುವಾಗ ಜೆರಾಕ್ಸ್ ಕೊಡಿ. ಅಸಲು ಕೊಡಬೇಕಾದರೆ ಪಟ್ಟಿ ಬರೆದು ಸಹಿ ಹಾಕಿಸಿಕೊಳ್ಳಿ.

"ಎಲ್ಲಾ ಸರಿ ಇದೆ" ಅಂತ ಬಾಯಲ್ಲಿ ಹೇಳಿದರೆ ಸಾಲದು. ಅಭಿಪ್ರಾಯವನ್ನು ಬರೆದುಕೊಡಲು ಕೇಳಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಕೇಳುವುದು ಅವಮಾನವಲ್ಲ.

ಬೇಕಾದರೆ ವಕೀಲರ ಮೂಲಕ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಬಹುದು. "ಈ ಮನೆ ಕೊಳ್ಳುತ್ತಿದ್ದೇವೆ, ಯಾರದ್ದಾದರೂ ತಕರಾರು ಇದ್ದರೆ ತಿಳಿಸಿ" ಅಂತ ಅದರಲ್ಲಿ ಇರುತ್ತದೆ.

ಕಾಗದ ಸರಿ ಅಂತ ತಿಳಿದ ಮೇಲೆಯೇ ಮುಂಗಡ. ಮುಂಗಡಕ್ಕೆ ಕರಾರು ಪತ್ರ ಮಾಡಿಸಿ. ವ್ಯವಹಾರ ಮುರಿದರೆ ಹಣ ಯಾವಾಗ ವಾಪಸ್ಸು ಅಂತ ಅದರಲ್ಲಿ ಬರೆಸಿ. ಮನೆ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದನ್ನು ವರಮಾನ ತೆರಿಗೆ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬ್ಯಾಂಕಿನ ಮೂಲಕ ಕೊಡಿ. ಕೊಟ್ಟದ್ದಕ್ಕೆ ಸಾಕ್ಷಿ ಇರುತ್ತದೆ.

ಕರಾರು ಪತ್ರದಿಂದ ಮನೆ ನಮ್ಮದಾಗುವುದಿಲ್ಲ. "ಜಿ.ಪಿ.ಎ. ಮಾಡಿಕೊಡ್ತೀವಿ, ಅಷ್ಟೇ ಸಾಕು" ಅಂತ ಕೆಲವರು ಹೇಳುತ್ತಾರೆ. ಅದರಿಂದ ಯಜಮಾನಿಕೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಶುದ್ಧ ಕ್ರಯಪತ್ರ ಆಗಬೇಕು. ಅದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಬೇಕು.

ಸಹಿಗೆ ಮುಂಚೆ ಓದಿ

ಕ್ರಯಪತ್ರದ ಕರಡನ್ನು ಎರಡು ದಿನ ಮೊದಲೇ ಮನೆಗೆ ತನ್ನಿ. ನಿಧಾನವಾಗಿ ಓದಿ. ಹೆಸರು ಸರಿಯಾಗಿದೆಯೇ? ಅಳತೆ ಸರಿಯೇ? ಹಣದ ಮೊತ್ತ ಸರಿಯೇ? ಚಕ್ಕುಬಂದಿ ನೋಡಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಏನು, ಉತ್ತರಕ್ಕೆ, ದಕ್ಷಿಣಕ್ಕೆ? ಕಾಗದ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ವಕೀಲರು ಕಾಗದ ಬಲ್ಲರು. ಆ ಬೀದಿಯನ್ನು ಬಲ್ಲವರು ನೀವು. ಇಬ್ಬರೂ ನೋಡಿದರೆ ತಪ್ಪು ಉಳಿಯುವುದು ಕಷ್ಟ.

"ಹೊತ್ತಾಯ್ತು, ಬೇಗ ಸಹಿ ಹಾಕಿ" ಅಂದರೆ ಹೆದರಬೇಡಿ. "ಓದ್ತಾ ಇದೀನಿ, ತಾಳಿ" ಅನ್ನಿ. ನಾವು ಅಕ್ಷರ ಕಲಿತದ್ದು ಸಹಿ ಹಾಕಲು ಮಾತ್ರವಲ್ಲ. ಯಾವುದಕ್ಕೆ ಸಹಿ ಹಾಕುತ್ತೇವೆ ಅಂತ ತಿಳಿಯಲು.

ನೆನಪಿಡಿ

ಮೊದಲು ವಕೀಲರು, ಆಮೇಲೆ ಮುಂಗಡ.
ಅವರ ವಕೀಲರು ಅವರಿಗೆ, ನಮ್ಮ ವಕೀಲರು ನಮಗೆ.
ಬಾಯಿಮಾತು ಬೇಡ, ಬರಹ ಬೇಕು.
ಓದದೆ ಸಹಿ ಇಲ್ಲ.

ಓದಿ, ಉತ್ತರಿಸಿ

1. ಹೂವಿನಕ್ಕ ದಲ್ಲಾಳಿಯ ವಕೀಲರನ್ನು ಯಾಕೆ ಒಪ್ಪಲಿಲ್ಲ?
2. ಋಣಭಾರ ಪತ್ರದಲ್ಲಿ ಯಾವುದು ಬರುತ್ತದೆ? ಯಾವುದು ಬರುವುದಿಲ್ಲ?
3. ಉಚಿತ ಕಾನೂನು ನೆರವು ಯಾರಿಗೆ ಸಿಗುತ್ತದೆ? ನಿಮ್ಮ ತಾಲ್ಲೂಕಿನಲ್ಲಿ ಆ ಕಚೇರಿ ಎಲ್ಲಿದೆ ಅಂತ ತಿಳಿದು ಬರೆಯಿರಿ.
4. ನೀವು ಈಗ ಇರುವ ಮನೆಯ ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಯಿರಿ.