ಸುಣ್ಣದ ಹರಳಿನಿಂದ ಜೋಡಿ ಹೈಡ್ರಾಕ್ಸೈಡುಗಳವರೆಗೆ

ಎಲೆಯಡಿಕೆಯ ತಟ್ಟೆಯೂ ಸುಣ್ಣದ ಡಬ್ಬಿಯೂ ನಮ್ಮ ಪೂರಿಗಾಲಿಯ ಹಿರಿಯರಿಗೆ ಹೊಸತಲ್ಲ. ಆ ಸುಣ್ಣವನ್ನೇ ರಸಾಯನಶಾಸ್ತ್ರದಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡೆಂದು ಕರೆಯುವೆವು. ಅದರ ಹರಳಿನೊಳಗೆ ಪರಮಾಣುಗಳು ಹಾಳೆ ಹಾಳೆಯಾಗಿ, ಕಟ್ಟಿನಲ್ಲಿ ವೀಳ್ಯದೆಲೆಗಳಿರುವಂತೆ, ಒಂದರ ಮೇಲೊಂದು ಕುಳಿತಿರುವುವು. ಮೆಗ್ನೀಸಿಯಂ ಹೈಡ್ರಾಕ್ಸೈಡಾದ ಬ್ರೂಸೈಟ್ ಖನಿಜದ ರಚನೆಯೂ ಇದೇ. ಒಂದೊಂದು ಲೋಹಕಣದ ಸುತ್ತಲೂ ಆರು ಹೈಡ್ರಾಕ್ಸಿಲ್ ಗುಂಪುಗಳು: ಮೂರು ಮೇಲೆ, ಮೂರು ಕೆಳಗೆ.

ಬ್ರೂಸೈಟಿನ ಹಾಳೆಯಲ್ಲಿ ಪ್ರತಿ ನಾಲ್ಕು ಸ್ಥಾನಗಳಲ್ಲಿ ಒಂದನ್ನು ಅಲ್ಯೂಮಿನಿಯಂ ಆಕ್ರಮಿಸಿತೆಂದು ಭಾವಿಸೋಣ. ಮೆಗ್ನೀಸಿಯಂ ಕಣಕ್ಕೆ ಎರಡು ಧನಾಂಶ, ಅಲ್ಯೂಮಿನಿಯಂಗೆ ಮೂರು. ಹೆಚ್ಚಾದ ಧನಾಂಶಕ್ಕೆ ಲೆಕ್ಕ ಸರಿಹೋಗಬೇಕಷ್ಟೆ! ಆದುದರಿಂದ ಎರಡು ಋಣಾಂಶವುಳ್ಳ ಕಾರ್ಬೊನೇಟು, ಎರಡು ಅಲ್ಯೂಮಿನಿಯಂಗೆ ಒಂದರಂತೆ, ನೀರಿನೊಡನೆ ಹಾಳೆಗಳ ಸಂದಿಯಲ್ಲಿ ನೆಲೆಸುವುದು. ಬ್ರೂಸೈಟಿನಲ್ಲಿ ಹಾಳೆಯಿಂದ ಹಾಳೆಗೆ ಸುಮಾರು 4.8 ಆಂಗ್‌ಸ್ಟ್ರಾಂ ಇದ್ದುದು ಇಲ್ಲಿ ಸುಮಾರು 7.8 ಆಗುವುದು. (ಒಂದು ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದಂಶ.) 1842ರಲ್ಲಿ ನಾರ್ವೆ ದೇಶದ ಸ್ನಾರುಮ್‌ನಿಂದ ವರ್ಣಿಸಲ್ಪಟ್ಟ ಹೈಡ್ರೊಟಾಲ್ಸೈಟ್ ಇದುವೇ.

ಇಂಥವುಗಳಿಗೆ 'ಪದರ ಜೋಡಿ ಹೈಡ್ರಾಕ್ಸೈಡು'ಗಳೆಂದು ಹೆಸರು. ಹೆಸರನ್ನು ಕೇಳಿದವರು, ಒಂದು ಹಾಳೆ ಮೆಗ್ನೀಸಿಯಂನದು, ಮುಂದಿನದು ಅಲ್ಯೂಮಿನಿಯಂನದು ಎಂದು ಊಹಿಸುವುದು ಸಹಜ. ಸ್ವಿಟ್ಜರ್ಲೆಂಡಿನ ಫೈಟ್‌ಕ್ನೆಕ್ಟರೂ 1942ರಲ್ಲಿ ಹಾಗೆಯೇ ಎಣಿಸಿದ್ದರು. ಆದರೆ 1960ರ ದಶಕದ ಕೊನೆಯಲ್ಲಿ ಆಲ್‌ಮನ್, ಟೇಲರ್ ಎಂಬ ವಿಜ್ಞಾನಿಗಳು ಈ ವರ್ಗದ ಖನಿಜಗಳನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿ, ಎರಡು ಲೋಹಗಳೂ ಒಂದೇ ಹಾಳೆಯಲ್ಲಿ ಬೆರೆತಿರುವುವೆಂದು ತೋರಿಸಿದರು.

ಹಾಳೆಗಳು ಕೂರುವ ಕ್ರಮವೂ ವಿಚಾರಾರ್ಹವಾದುದು. ಮೂರು ಹಾಳೆಗಳಿಗೊಮ್ಮೆ ಅದೇ ಸ್ಥಾನ ಮರಳಿದರೆ ಒಂದು ಬಗೆ, ಎರಡಕ್ಕೊಮ್ಮೆ ಮರಳಿದರೆ ಇನ್ನೊಂದು. ಘಟಕಗಳಲ್ಲಿ ಎಳ್ಳಷ್ಟೂ ಭೇದವಿಲ್ಲ. ಈ ಕ್ರಮವನ್ನೂ ಅದರಲ್ಲಿ ಬೀಳುವ ತಪ್ಪುಗಳನ್ನೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರೊಫೆಸರ್ ಪಿ. ವಿಷ್ಣು ಕಾಮತರೂ ಅವರ ಶಿಷ್ಯರೂ ಬಹುಕಾಲ ಶೋಧಿಸಿರುವರು. ಹೆಣ್ಣುಮಕ್ಕಳಿಗೆ ರಸಾಯನಶಾಸ್ತ್ರವೇಕೆಂದು ನಮ್ಮನ್ನು ಕೇಳುವ ತಂದೆತಾಯಿಗಳು, ಇಂಥ ಕೆಲಸ ನಮ್ಮ ನಾಡಿನಲ್ಲಿಯೇ ನಡೆದಿರುವುದನ್ನು ದಯವಿಟ್ಟು ಗಮನಿಸಬೇಕು.

ಫ್ಲೋರೈಡುಳ್ಳ ಬಾವಿನೀರನ್ನು ಕುಡಿದು ಮಕ್ಕಳ ಹಲ್ಲು ಕಂದಾಗುವ ಊರುಗಳು ಕರ್ನಾಟಕದಲ್ಲಿ ಅನೇಕವಿವೆ. ಹೈಡ್ರೊಟಾಲ್ಸೈಟನ್ನು ಸುಮಾರು 500 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ನೀರೂ ಕಾರ್ಬೊನೇಟೂ ಹೊರಟುಹೋಗಿ ಹಾಳೆಗಳು ಕುಸಿಯುವುವು. ಆ ಪುಡಿಯನ್ನು ಫ್ಲೋರೈಡಿನ ನೀರಿಗೆ ಹಾಕಿದರೆ ಹಾಳೆಗಳು ಪುನಃ ಕಟ್ಟಿಕೊಂಡು ಫ್ಲೋರೈಡನ್ನು ಒಳಕ್ಕೆ ಸೆಳೆಯುವುವು. ಆದರೆ ಬಾವಿನೀರಿನಲ್ಲಿ ಸಾಮಾನ್ಯವಾಗಿರುವ ಕಾರ್ಬೊನೇಟು ಅದೇ ಸ್ಥಾನಕ್ಕೆ ಪೈಪೋಟಿ ನಡೆಸುವುದು. ಪ್ರಯೋಗಶಾಲೆಯ ಶುದ್ಧ ನೀರಿನಲ್ಲಿ ಸುಲಭವಾದುದು ಹಳ್ಳಿಯ ಬಾವಿಯ ಬಳಿ ಕಠಿಣವಾಗುವುದು ಇದರಿಂದಲೇ.