ಚಿತ್ರಗಳಿಗೊಂದು ಸಂಪುಟ: ಶಾಲೆಯಲ್ಲಿ ಕೈಯಾರೆ ರಚಿಸಬಹುದಾದ ರಟ್ಟಿನ ಪೆಟ್ಟಿಗೆ

'ಸಂಪುಟ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಒಂದು, ಗ್ರಂಥದ ಭಾಗ. ಇನ್ನೊಂದು, ಬೆಲೆಯುಳ್ಳ ವಸ್ತುವನ್ನಿಟ್ಟು ಮುಚ್ಚುವ ಪೆಟ್ಟಿಗೆ. ಅರ್ಥಗಳು ಎರಡಾದರೂ ಭಾವವೊಂದೇ: ಚದುರಿಹೋಗುವುದನ್ನು ಒಂದೆಡೆ ಕೂಡಿಸಿ ಕಾಯುವುದು. ಇಷ್ಟಲಿಂಗಕ್ಕೆ ಕರಡಿಗೆ, ಜೋಳಕ್ಕೆ ಹಗೇವು, ಓಲೆಗರಿಗೆ ಮರದ ಹಲಗೆ ಮತ್ತು ವಸ್ತ್ರ, ಹೀಗೆ ಒಂದೊಂದಕ್ಕೂ ತಕ್ಕ ಮನೆಯನ್ನು ಕಟ್ಟಿಕೊಡುವುದು ಈ ನಾಡಿನ ರೂಢಿ. ಶಾಲೆಯ ಮಕ್ಕಳು ಬರೆದ ಚಿತ್ರಕ್ಕೆ ಮಾತ್ರ ಅಂಥ ಮನೆ ದೊರೆಯುವುದು ಅಪರೂಪ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯಲ್ಲಿ ಚಿತ್ರ ಬರೆಯುವ ಮಕ್ಕಳಿಗೆ ಕೊರತೆಯಿಲ್ಲ. ಕಾರಹುಣ್ಣಿಮೆಯ ಎತ್ತು, ತೆನೆ ತುಂಬಿದ ಜೋಳದ ಹೊಲ, ಗೋಳಗುಮ್ಮಟ, ಅಂಗಳದ ರಂಗೋಲಿ ಇವೆಲ್ಲ ಅವರ ಕುಂಚಕ್ಕೆ ವಿಷಯಗಳೇ. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳಿಗೆ ಕೂಡುವ ವಿದ್ಯಾರ್ಥಿಯು ಹತ್ತಾರು ಹಾಳೆಗಳಲ್ಲಿ ಅಭ್ಯಾಸ ಮಾಡುತ್ತಾನೆ. ಪರೀಕ್ಷೆ ಮುಗಿದ ಮೇಲೆ ಆ ಹಾಳೆಗಳು ಸುರುಳಿಯಾಗಿ ಅಟ್ಟವನ್ನೇರುತ್ತವೆ. ಒಲೆಯ ಹೊಗೆ, ಧೂಳು, ಗೆದ್ದಲು, ಬೇಸಿಗೆಯ ಬಿಸಿಲು ಇವು ಕೆಲವೇ ವರ್ಷಗಳಲ್ಲಿ ತಮ್ಮ ಕೆಲಸವನ್ನು ಮುಗಿಸುತ್ತವೆ. ಮುಂದೆ ಆ ವಿದ್ಯಾರ್ಥಿಯು ತಂದೆಯಾಗಿ, ತಾನು ಬರೆದುದನ್ನು ಮಗನಿಗೆ ತೋರಿಸಬೇಕೆಂದರೆ ತೋರಿಸಲು ಏನೂ ಉಳಿದಿರುವುದಿಲ್ಲ.

ಕಾಯದೆ ಹೋದುದು ಉಳಿಯದೆಂಬುದಕ್ಕೆ ಈ ಜಿಲ್ಲೆಯ ಇತಿಹಾಸವೇ ಸಾಕ್ಷಿ. ಎರಡನೆಯ ಇಬ್ರಾಹಿಂ ಆದಿಲಶಾಹಿಯ ಕಾಲದಲ್ಲಿ (1580-1627) ವಿಜಾಪುರವು ದಖ್ಖನಿನ ಚಿತ್ರಕಲೆಯ ಹಿರಿಯ ಕೇಂದ್ರವಾಗಿತ್ತು. ಅಂದಿನ ಚಿತ್ರಗಳಲ್ಲಿ ಉಳಿದವು ಇಂದು ಬಹುಮಟ್ಟಿಗೆ ದೂರದೇಶದ ಸಂಗ್ರಹಾಲಯಗಳಲ್ಲಿವೆ. ಅದಕ್ಕೂ ಮೊದಲು, 1570ರ ಸುಮಾರಿಗೆ ಸಿದ್ಧವಾದ 'ನುಜೂಮ್-ಉಲ್-ಉಲೂಮ್' ಎಂಬ ಸಚಿತ್ರ ಗ್ರಂಥವನ್ನು ನೋಡಬೇಕಾದರೆ ಐರ್ಲೆಂಡಿನ ಡಬ್ಲಿನ್ ನಗರಕ್ಕೆ ಹೋಗಬೇಕು. ಆಸಾರ್ ಮಹಲಿನಲ್ಲಿ ಉಳಿದಿದ್ದ ಗ್ರಂಥಗಳು ಕೂಡ 19ನೆಯ ಶತಮಾನದ ಮಧ್ಯಭಾಗದಲ್ಲಿ ಲಂಡನ್ನಿಗೆ ಸಾಗಿದವು.

ಇದಕ್ಕೆ ಎದುರಾಗಿ ನಿಲ್ಲುವ ನಿದರ್ಶನಗಳೂ ಇದೇ ನೆಲದಲ್ಲಿವೆ. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880-1964) ಮನೆಮಠಗಳಲ್ಲಿ ಹುದುಗಿದ್ದ ವಚನಗಳ ಓಲೆಗರಿಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಸ್ವಂತ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅಂದು ಇಂಡಿ ತಾಲೂಕಿನಲ್ಲಿದ್ದು ಇಂದು ಚಡಚಣ ತಾಲೂಕಿಗೆ ಸೇರಿದ ಹಲಸಂಗಿಯ ಗೆಳೆಯರು, ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಹೊರತಂದರು. ಹಾಡಿದವರಿಗೆ ತಮ್ಮ ಹಾಡು ಕಾಯತಕ್ಕ ವಸ್ತುವೆಂದು ತೋರಿರಲಿಕ್ಕಿಲ್ಲ. ಕಾಯುವವರು ಬಂದ ಮೇಲೆ ಅದರ ಬೆಲೆ ನಾಡಿಗೆಲ್ಲ ತಿಳಿಯಿತು. ಬಾಲಕರ ಚಿತ್ರಗಳಿಗೂ ಈ ಮಾತು ಸಲ್ಲುತ್ತದೆ. ಅವುಗಳನ್ನು ಕಾಯಲು ಭವನ ಬೇಕಿಲ್ಲ; ಮಕ್ಕಳೇ ರಚಿಸಬಹುದಾದ ಒಂದು ಪೆಟ್ಟಿಗೆ ಸಾಕು. ಅದರ ಕ್ರಮವು ಹೀಗಿದೆ.

ಸಾಮಗ್ರಿಗಳು

3 ಮಿ.ಮೀ. ದಪ್ಪದ ರಟ್ಟು, ತೊಳೆದು ಒಣಗಿಸಿದ ಹತ್ತಿಯ ಬಟ್ಟೆ, ಬಿಳಿಯ ಕೈಕಾಗದ, ಹತ್ತಿಯ ಲಾಡಿ, ಬಡಗಿಗಳು ಬಳಸುವ ಬಿಳಿಯ ಅಂಟು, ಮೈದಾಹಿಟ್ಟು, ಉಕ್ಕಿನ ಅಳತೆಪಟ್ಟಿ, ಮೂಲೆಮಟ್ಟ ಮತ್ತು ಹರಿತವಾದ ಚಾಕು. ಹಳೆಯ ಧೋತರದ ಗಟ್ಟಿಯಾದ ಭಾಗವು ಬಟ್ಟೆಯಾಗಿ ಚೆನ್ನಾಗಿ ಒದಗುತ್ತದೆ. ಹರಿದ ಸೀರೆಗಳಿಂದ ಕೌದಿ ಹೊಲಿಯುವ ಮನೆಗಳಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ.

ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತ ಕುದಿಸಿ, ಆರಿಸಿದರೆ ಅಂಟು ಸಿದ್ಧವಾಗುತ್ತದೆ. ಹುಳು ಹತ್ತದಿರಲೆಂದು ಇದಕ್ಕೆ ಮೈಲುತುತ್ತ ಬೆರೆಸುವ ಪದ್ಧತಿಯು ಪುಸ್ತಕ ಕಟ್ಟುವವರಲ್ಲಿ ಹಿಂದಿನಿಂದ ಬಂದಿದೆ. ಚಿತ್ರದ ಪೆಟ್ಟಿಗೆಗೆ ಅದು ಸಲ್ಲದು. ಮೈಲುತುತ್ತ ವಿಷವಸ್ತು, ಮೇಲಾಗಿ ಅದರಲ್ಲಿರುವ ತಾಮ್ರದ ಅಂಶವು ಕಾಗದದ ನಾರನ್ನು ಕಾಲಕ್ರಮದಲ್ಲಿ ಸವೆಸುತ್ತದೆ. ಆದುದರಿಂದ ಅಂದಂದಿನ ಅಂಟನ್ನು ಅಂದಂದೇ ತಯಾರಿಸಿ ಮುಗಿಸುವುದು ಲೇಸು.

ಅಳತೆ

ಸುಮಾರು 56 × 38 ಸೆಂ.ಮೀ. ಅಳತೆಯ ಹಾಳೆಗೆ ಸುತ್ತಲೂ ಅರ್ಧ ಸೆಂ.ಮೀ. ಬಿಡುವು ಬೇಕು. ಅಂದರೆ ತಳಪೆಟ್ಟಿಗೆಯ ಒಳ ಅಳತೆ 57 × 39 ಸೆಂ.ಮೀ. ಇದಕ್ಕಾಗಿ 57.6 × 39.6 ಸೆಂ.ಮೀ. ತಳವೊಂದನ್ನೂ, 57.6 ಸೆಂ.ಮೀ. ಉದ್ದದ ಎರಡು ಹಾಗೂ 39 ಸೆಂ.ಮೀ. ಉದ್ದದ ಎರಡು ಗೋಡೆಪಟ್ಟಿಗಳನ್ನೂ ಕತ್ತರಿಸಬೇಕು. ಮುಚ್ಚಳಕ್ಕೆ 58.6 × 40.6 ಸೆಂ.ಮೀ. ಹಲಗೆ, 58.6 ಸೆಂ.ಮೀ. ಉದ್ದದ ಎರಡು ಮತ್ತು 40 ಸೆಂ.ಮೀ. ಉದ್ದದ ಎರಡು ಪಟ್ಟಿಗಳು ಬೇಕು. ಎಲ್ಲ ಪಟ್ಟಿಗಳ ಅಗಲವೂ 4 ಸೆಂ.ಮೀ. ಆಗಿರಲಿ. ಹೀಗೆ ಮಾಡಿದಾಗ ಮುಚ್ಚಳವು ನೆಲದಿಂದ 3 ಮಿ.ಮೀ. ಮೇಲೆ ನಿಂತು, ಎತ್ತಲು ಬೆರಳಿಗೆ ಆಸರೆ ದೊರೆಯುತ್ತದೆ.

ಕತ್ತರಿಸುವ ಮೊದಲು ರಟ್ಟನ್ನು ಮೆಲ್ಲಗೆ ಬಾಗಿಸಿ ನೋಡಬೇಕು. ಅದು ಯಾವ ಕಡೆಗೆ ಸುಲಭವಾಗಿ ಮಣಿಯುವುದೋ, ಆಗ ಮೂಡುವ ಬಾಗಿನ ಗೆರೆಯೇ ಅದರ ಎಳೆಯ ದಿಕ್ಕು. ಈ ಎಳೆಯು ಪೆಟ್ಟಿಗೆಯ ಉದ್ದಕ್ಕೆ ಸಮನಾಗಿರಬೇಕು. ಚಾಕುವನ್ನು ಒಮ್ಮೆಲೇ ಒತ್ತದೆ, ಅಳತೆಪಟ್ಟಿಯ ಗುಂಟ ನಾಲ್ಕಾರು ಸಲ ಹಗುರವಾಗಿ ಎಳೆದರೆ ಅಂಚು ನೇರವಾಗಿ ಬರುತ್ತದೆ. ಈ ಕೆಲಸವು ಶಿಕ್ಷಕರ ಕಣ್ಣೆದುರಿನಲ್ಲಿಯೇ ನಡೆಯತಕ್ಕದ್ದು.

ರಚನಾಕ್ರಮ

ಉದ್ದನೆಯ ಪಟ್ಟಿಗಳನ್ನು ತಳದ ಅಂಚಿನ ಮೇಲೆ ನಿಲ್ಲಿಸಿ, ಗಿಡ್ಡ ಪಟ್ಟಿಗಳನ್ನು ಅವುಗಳ ನಡುವೆ ಕೂಡಿಸಿ, ಬಿಳಿಯ ಅಂಟಿನಿಂದ ಜೋಡಿಸಬೇಕು. ಮೂಲೆಮಟ್ಟದಿಂದ ಮೂಲೆಗಳನ್ನು ಪರೀಕ್ಷಿಸಿ, ಒಣಗುವವರೆಗೆ ದಾರ ಸುತ್ತಿ ಇಡಬೇಕು. ಬಳಿಕ 12 ಸೆಂ.ಮೀ. ಅಗಲವೂ ಎರಡು ಮೀಟರಿಗೆ ತುಸು ಹೆಚ್ಚು ಉದ್ದವೂ ಉಳ್ಳ ಬಟ್ಟೆಯನ್ನು ಗೋಡೆಗಳ ಹೊರಗೆ ಸುತ್ತಿ ಅಂಟಿಸಿ, ಮೇಲಂಚಿನಿಂದ ಒಳಕ್ಕೆ ಮಡಿಸಬೇಕು. ಒಳಮೂಲೆಗಳಲ್ಲಿ ಬಟ್ಟೆಯನ್ನು ಸೀಳಿದರೆ ಸುಕ್ಕು ಬೀಳುವುದಿಲ್ಲ. ಹೊರತಳ ಒಳತಳಗಳೆರಡಕ್ಕೂ ಕೈಕಾಗದವನ್ನು ಅಂಟಿಸಬೇಕು. ಒಂದೇ ಮಗ್ಗುಲಿಗೆ ಅಂಟಿಸಿದರೆ, ಆರುವಾಗ ಕಾಗದವು ಬಿಗಿದು ರಟ್ಟು ಆ ಕಡೆಗೆ ಬಾಗುತ್ತದೆ. ಸಾಮಾನ್ಯ ರಟ್ಟಿನಲ್ಲಿ ಆಮ್ಲದ ಅಂಶವಿದ್ದು ಅದು ಚಿತ್ರದ ಹಾಳೆಯನ್ನು ಕಂದಿಸುವುದರಿಂದ, ಒಳಗಿನ ಹೊದಿಕೆಯು ಅಲಂಕಾರಕ್ಕಷ್ಟೇ ಅಲ್ಲ, ರಕ್ಷಣೆಗೂ ಅವಶ್ಯ. ಮುಚ್ಚಳಕ್ಕೂ ಇದೇ ಕ್ರಮ. ಎರಡನ್ನೂ ನೆರಳಿನಲ್ಲಿ ಎರಡು ದಿನ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತವೆ.

ಇಡುವ ಕ್ರಮ, ಕಾಯುವ ಕ್ರಮ

ಪ್ರತಿ ಚಿತ್ರದ ಹಿಂದೆ, ಕೆಳಮೂಲೆಯಲ್ಲಿ, ಮೆತ್ತನೆಯ ಪೆನ್ಸಿಲಿನಿಂದ ವಿದ್ಯಾರ್ಥಿಯ ಹೆಸರು, ಊರು, ತರಗತಿ ಮತ್ತು ವರ್ಷವನ್ನು ಬರೆಯಬೇಕು. ಹೆಸರಿಲ್ಲದ ಚಿತ್ರವು ಉಳಿದರೂ ಅರ್ಧ ಕಳೆದಂತೆಯೇ. ಹಾಳೆಗಳ ನಡುವೆ ತೆಳುವಾದ ಬಿಳಿಯ ಕಾಗದವಿರಲಿ. ವೃತ್ತಪತ್ರಿಕೆ, ಅಂಟುಪಟ್ಟಿ, ಪ್ಲಾಸ್ಟಿಕ್ ಚೀಲ ಇವು ಮೂರೂ ವರ್ಜ್ಯ: ಮೊದಲನೆಯದು ಕಲೆ ಮಾಡುತ್ತದೆ, ಎರಡನೆಯದು ಹಳದಿಗಟ್ಟುತ್ತದೆ, ಮೂರನೆಯದು ಆರ್ದ್ರತೆಯನ್ನು ಒಳಗೇ ಹಿಡಿದಿಡುತ್ತದೆ. ಒಣಗಿದ ಬೇವಿನೆಲೆ ಅಥವಾ ಬಜೆಯ ಬೇರನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, ಪೆಟ್ಟಿಗೆಯ ಹೊರಗೆ, ಕಪಾಟಿನಲ್ಲಿ ಇಡಬಹುದು; ಹಾಳೆಗೆ ತಾಗಿಸಬಾರದು.

ಮುಚ್ಚಳವಿಟ್ಟು ಲಾಡಿ ಕಟ್ಟಿದ ಪೆಟ್ಟಿಗೆಯನ್ನು ಅಡ್ಡಲಾಗಿ ಮಲಗಿಸಿ, ನೆಲದಿಂದ ಒಂದು ಗೇಣಾದರೂ ಮೇಲೆ, ಗೋಡೆಗೆ ತಾಗದಂತೆ ಇಡಬೇಕು. ಗೆದ್ದಲು ಗೋಡೆಯ ಗುಂಟವೇ ಏರಿಬರುವುದು. ತಗಡಿನ ಮಾಳಿಗೆಯ ಕೋಣೆ ತಕ್ಕ ಸ್ಥಳವಲ್ಲ. ಬೇಸಿಗೆಯಲ್ಲಿ ಈ ಸೀಮೆಯ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಮುಂಗಾರಿಗೆ ಮುನ್ನ ಒಮ್ಮೆ, ದೀಪಾವಳಿಯ ನಂತರ ಒಮ್ಮೆ ಪೆಟ್ಟಿಗೆಯನ್ನು ತೆರೆದು ನೋಡುವ ನಿಯಮವಿರಬೇಕು. ಎಂಥ ಪೆಟ್ಟಿಗೆಯೂ ನೋಡುವವರಿಲ್ಲದಿದ್ದರೆ ಕಾಯಲಾರದು.

ಉಪಸಂಹಾರ

ಈ ಕೆಲಸದಲ್ಲಿ ಗಣಿತವಿದೆ, ವಿಜ್ಞಾನವಿದೆ, ಕೈಕಸುಬಿದೆ. ಅವೆಲ್ಲಕ್ಕಿಂತ ಮಿಗಿಲಾದುದು ಇನ್ನೊಂದಿದೆ. ತನ್ನ ಚಿತ್ರಕ್ಕೆ ಶಾಲೆಯು ಒಂದು ಮನೆಯನ್ನು ಕಟ್ಟಿಕೊಟ್ಟಿತೆಂದು ಅರಿತ ಬಡ ರೈತನ ಮಗಳು, ತನ್ನ ಕೈಯಿಂದ ಹುಟ್ಟಿದುದಕ್ಕೆ ಬೆಲೆಯುಂಟೆಂಬುದನ್ನು ಮೊದಲ ಬಾರಿಗೆ ತಿಳಿಯುತ್ತಾಳೆ. ಈ ತಿಳಿವು ಯಾವ ಪಠ್ಯಪುಸ್ತಕದಿಂದಲೂ ಬರುವಂಥದಲ್ಲ. ಪ್ರತಿ ತರಗತಿಯು ವರ್ಷಕ್ಕೊಂದು ಪೆಟ್ಟಿಗೆಯನ್ನು ರಚಿಸಿದರೆ, ದಾನಿಗಳು ಅವುಗಳನ್ನಿಡಲು ಕಪಾಟೊಂದನ್ನು ಒದಗಿಸಿದರೆ, ಹಳೆಯ ವಿದ್ಯಾರ್ಥಿಗಳು ತಮ್ಮಲ್ಲಿ ಅಳಿದುಳಿದ ಹಾಳೆಗಳನ್ನು ತಂದೊಪ್ಪಿಸಿದರೆ, ಮುಂದಿನ ತಲೆಮಾರಿನವರು ಈ ಸೀಮೆಯ ಮಕ್ಕಳು ಕಂಡುದನ್ನು ನೋಡಲು ದೂರದೇಶಕ್ಕೆ ಹೋಗಬೇಕಾಗುವುದಿಲ್ಲ. ತಮ್ಮ ಊರಿನ ಶಾಲೆಯ ಬಾಗಿಲನ್ನು ತಟ್ಟಿದರೆ ಸಾಕಾಗುತ್ತದೆ.